17 ಶೆಕೆಲ್ ಬೆಳ್ಳಿಯ ಹೊಲ

ಪ್ರೀತಿಯ ಗೆಳೆಯಾ,

 

ಈಚೆಗೆ ರಾತ್ರಿ ಹೊತ್ತು ಬೈಬಲಿನ ಯೆರೆಮೀಯನ ಪುಸ್ತಕ ಓದುತ್ತಿದ್ದೇನೆ. ಅಳುವ ಪ್ರವಾದಿ ಅಂತಾರಲ್ಲ, ಅವನೇ. ಜೆರುಸಲೇಮ್ ಬೀಳುತ್ತದೆ ಅಂತ ಸುಮಾರು 40 ವರ್ಷ ಹೇಳುತ್ತಲೇ ಇದ್ದ. ತನ್ನ ಬರಹಗಾರ ಬಾರೂಕನ ಕೈಲಿ ಬರೆಸಿದ ಸುರುಳಿಯನ್ನು ಯೆಹೂದದ ರಾಜ ಯೆಹೋಯಾಕೀಮ ಚೂರಿಯಿಂದ ಕೊಯ್ದು ಕೊಯ್ದು ಬೆಂಕಿಗೆ ಹಾಕಿದ. ಅನಾತೋತ್ ಅವನ ಸ್ವಂತ ಊರು. ಆ ಊರಿನವರೇ ಅವನನ್ನು ಕೊಲ್ಲಲು ಹೊಂಚು ಹಾಕಿದ್ದರು.

ನನ್ನ ನಿದ್ದೆ ಕೆಡಿಸಿದ್ದು 32ನೇ ಅಧ್ಯಾಯ. ಕ್ರಿ.ಪೂ. 587ರ ಸುಮಾರು. ಬ್ಯಾಬಿಲೋನಿನ ಸೇನೆ ಜೆರುಸಲೇಮನ್ನು ಸುತ್ತುವರಿದಿದೆ. ಯೆರೆಮೀಯ ಅರಮನೆಯ ಕಾವಲಿನ ಅಂಗಳದಲ್ಲಿ ಸೆರೆಯಲ್ಲಿದ್ದಾನೆ. ಆಗ ಚಿಕ್ಕಪ್ಪನ ಮಗ ಹನಮೇಲ ಬಂದು, ಅನಾತೋತಿನ ನನ್ನ ಹೊಲ ಕೊಂಡುಕೋ, ನೆಂಟನಾಗಿ ಅದನ್ನು ಬಿಡಿಸಿಕೊಳ್ಳುವ ಹಕ್ಕು ನಿನ್ನದೇ ಅನ್ನುತ್ತಾನೆ. ಇದು ದೇವರ ಮಾತೇ ಅಂತ ತಿಳಿದು ಯೆರೆಮೀಯ 17 ಶೆಕೆಲ್ ಬೆಳ್ಳಿ ತೂಗಿ ಕೊಡುತ್ತಾನೆ. ಈಗಿನ ಲೆಕ್ಕದಲ್ಲಿ ಸುಮಾರು 200 ಗ್ರಾಂ. ಕ್ರಯಪತ್ರ ಎರಡು. ಒಂದಕ್ಕೆ ಮುದ್ರೆ, ಇನ್ನೊಂದು ತೆರೆದದ್ದು. ಸಾಕ್ಷಿಗಳ ಸಹಿಯೂ ಆಗುತ್ತದೆ. ಬಹಳ ಕಾಲ ಕೆಡದಿರಲಿ, ಮಣ್ಣಿನ ಮಡಕೆಯಲ್ಲಿಡು ಅಂತ ಬಾರೂಕನಿಗೆ ಹೇಳುತ್ತಾನೆ. ಈ ನಾಡಿನಲ್ಲಿ ಜನ ಮತ್ತೆ ಮನೆ, ಹೊಲ, ದ್ರಾಕ್ಷಿತೋಟ ಕೊಳ್ಳುತ್ತಾರೆ. ಇದೇ ಅವನ ಸಂದೇಶ.

ಆಮೇಲೆ ದೇವರನ್ನೇ ಕೇಳುತ್ತಾನೆ. ಊರು ಶತ್ರುವಿನ ಕೈಗೆ ಹೋಗುತ್ತಿದೆ, ಈಗ ಹೊಲ ಕೊಳ್ಳು ಅಂದೆಯಲ್ಲ? ಅವನಿಗೂ ದಿಗಿಲಿತ್ತು ಕಣೋ. ದಿಗಿಲು ಇಟ್ಟುಕೊಂಡೇ ಬೆಳ್ಳಿ ತೂಗಿದ. ನನಗೆ ಜಾಸ್ತಿ ತಾಕಿದ್ದು ಅದು.

ನಿನಗೆ ಹೇಳಿರಲಿಲ್ಲ. ಹೋದ ತಿಂಗಳು ಅಪ್ಪನ ಎರಡು ಎಕರೆ ಮಾರಿಬಿಟ್ಟೆ. ಮಳೆ ಇಲ್ಲ, ಬೋರು ಬತ್ತಿದೆ, ಆ ಊರಲ್ಲಿ ಇನ್ನೇನಿದೆ ಅಂತ ಎಲ್ಲರಿಗೂ ಹೇಳಿಕೊಂಡು ಓಡಾಡಿದೆ. ಸಾಲ ಇರಲಿಲ್ಲ, ಅವಸರವೂ ಇರಲಿಲ್ಲ. ನೋಂದಣಿ ದಿನ ಅಮ್ಮ ಸುಮ್ನೆ ಹೆಬ್ಬೆಟ್ಟು ಒತ್ತಿದಳು. ನನ್ನ ಮುಖ ನೋಡಲಿಲ್ಲ. ನಿನಗೆ ಒಪ್ಪಿಗೆಯಾ ಅಂತ ನಾನು ಒಂದು ಸಲವೂ ಕೇಳಿರಲಿಲ್ಲ.

ಯೆರೆಮೀಯ ಆ ಹೊಲ ಉತ್ತ ಸುದ್ದಿ ಎಲ್ಲೂ ಇಲ್ಲ. ಊರು ಬಿದ್ದ ಮೇಲೆ ಉಳಿದವರು ಅವನನ್ನು ಈಜಿಪ್ಟಿಗೆ ಕರೆದುಕೊಂಡು ಹೋದರು. ಬಾರೂಕನೂ ಜೊತೆಗೇ ಹೋದ. ಮಡಕೆ ಮಾತ್ರ ಎಲ್ಲಿ ಉಳಿಯಿತೋ ಅಂತ ಯೋಚಿಸುತ್ತಾ ಮಲಗುತ್ತೇನೆ.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಯುಗಾದಿಗೆ ಬಾ. ಅಮ್ಮ ಹೋಳಿಗೆ ಮಾಡುತ್ತಾಳಂತೆ. 

ನಿನ್ನವನು