ಹತ್ತು ದಿನಗಳ ಗಡುವನ್ನು ಕಳೆದ ನಿಮ್ಮ ಸಂಸ್ಥೆಗೆ ಒಂದು ದೂರು

ಇವರಿಗೆ,
ಡೆಸಿಗ್ನೇಟೆಡ್ ಬ್ರೋಕರ್ ಅವರು,
ಟೆಂಪಿ, ಅರಿಜೋನಾ

ವಿಷಯ: ಮನೆ ಖರೀದಿಯಲ್ಲಿ ನಿಮ್ಮ ಏಜೆಂಟರು ತೋರಿದ ನಿರ್ಲಕ್ಷ್ಯ ಹಾಗೂ ಜುಲೈ 11ರಂದು ನಿಮ್ಮ ಕಚೇರಿಯಲ್ಲಿ ನಮಗಾದ ಅವಮಾನ

ಮಾನ್ಯರೇ,

ಕನ್ನಡದಲ್ಲಿಯೇ ವ್ಯವಹರಿಸುತ್ತೀರಿ ಎಂಬ ಕಾರಣಕ್ಕೆ ನಾವು ನಿಮ್ಮ ಸಂಸ್ಥೆಯನ್ನು ಹುಡುಕಿಕೊಂಡು ಬಂದಿದ್ದೆವು. ಆದ್ದರಿಂದ ಈ ದೂರನ್ನೂ ಕನ್ನಡದಲ್ಲಿಯೇ ಬರೆಯುತ್ತಿದ್ದೇನೆ. ಜುಲೈ 9ರಿಂದ ಈಚೆಗೆ ಆರು ಬಾರಿ ಕರೆ ಮಾಡಿದ್ದೇನೆ, ಮೂರು ಇಮೇಲ್ ಕಳಿಸಿದ್ದೇನೆ, ಒಮ್ಮೆ ಖುದ್ದಾಗಿ ಬಂದಿದ್ದೇನೆ. ಇಷ್ಟಕ್ಕೆ ಮೊನ್ನೆ ನಿಮ್ಮ ಏಜೆಂಟರಿಂದ ಬಂದ ಉತ್ತರ ಒಂದೇ ಸಾಲು: "ನಮ್ಮ ಕಡೆಯಿಂದ ಈ ವಿಷಯ ಮುಗಿದಿದೆ." ನಮ್ಮ ಕಡೆಯಿಂದ ಅದು ಮುಗಿದಿಲ್ಲ.

ವಿಶ್ವವಿದ್ಯಾಲಯದ ಆಸುಪಾಸಿನಲ್ಲಿ ವರ್ಷ ವರ್ಷ ಏರುವ ಬಾಡಿಗೆ ಕಟ್ಟಿ ಸಾಕಾಗಿ, ಬ್ರಾಡ್‌ವೇ ರಸ್ತೆಯ ದಕ್ಷಿಣಕ್ಕಿರುವ, 1962ರಲ್ಲಿ ಕಟ್ಟಿದ ಮನೆಯೊಂದನ್ನು ನಾವು ಮೆಚ್ಚಿದೆವು. ಹಿತ್ತಲಿನ ಕಿತ್ತಳೆ ಗಿಡಗಳಿಗೆ ಇಂದಿಗೂ ಸಾಲ್ಟ್ ನದಿ ಯೋಜನೆಯ ಕಾಲುವೆ ನೀರನ್ನು ಪಾಳಿಯ ಮೇಲೆ ಹಾಯಿಸುತ್ತಾರೆ ಎಂದು ತಿಳಿದಾಗ, ತುಂಗಭದ್ರಾ ಎಡದಂಡೆ ಕಾಲುವೆಯ ಪಾಳಿ ಕಾಯುತ್ತ ಮಾನ್ವಿಯಲ್ಲಿ ಬೆಳೆದ ನನ್ನ ಪತಿ ಅಲ್ಲಿಯೇ ಮನಸ್ಸು ಗಟ್ಟಿ ಮಾಡಿಬಿಟ್ಟರು. 2024ರ ಆಗಸ್ಟ್‌ನಲ್ಲಿ ಬಂದ ನಿಯಮದಂತೆ, ಮೊದಲ ಮನೆಯ ಬಾಗಿಲು ತೆರೆಯುವ ಮೊದಲೇ ನಿಮ್ಮ ಏಜೆಂಟರು ನಮ್ಮಿಂದ ಲಿಖಿತ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು. ನಿಮ್ಮ ಸಂಭಾವನೆಗೆ ಸಂಬಂಧಿಸಿದ ಯಾವ ಕಾಗದವೂ ಒಂದು ದಿನ ತಡವಾಗಲಿಲ್ಲ.

ತಡವಾದದ್ದು ನಮ್ಮನ್ನು ಕಾಯಬೇಕಾಗಿದ್ದ ಕಾಗದ. ಏಪ್ರಿಲ್ 4ರಂದು ಮಾರಾಟಗಾರರು ನಮ್ಮ ಬೆಲೆಗೆ ಒಪ್ಪಿದರು. ಅಂದಿನಿಂದ ಹತ್ತು ದಿನಗಳೊಳಗೆ ಮನೆಯನ್ನು ಪರೀಕ್ಷೆ ಮಾಡಿಸಿ, ಕಂಡ ದೋಷಗಳನ್ನೆಲ್ಲ ಒಂದೇ ಲಿಖಿತ ನೋಟಿಸಿನಲ್ಲಿ, ಅಂದರೆ ನೀವೆಲ್ಲ ಬಿನ್ಸರ್ ಎನ್ನುವ ಫಾರಂನಲ್ಲಿ, ಮಾರಾಟಗಾರರಿಗೆ ತಲುಪಿಸಬೇಕು. ಗಡುವು ಮೀರಿದರೆ ಖರೀದಿದಾರರು ಮನೆಯನ್ನು ಇದ್ದಂತೆಯೇ ಒಪ್ಪಿಕೊಂಡಂತಾಗುತ್ತದೆ. ಈ ನಿಯಮ ನಿಮ್ಮ ಕಚೇರಿಯಲ್ಲಿ ಪ್ರತಿಯೊಬ್ಬರಿಗೂ ಬಾಯಿಪಾಠವಾಗಿರಲೇಬೇಕು. ಪರೀಕ್ಷಕರ ವರದಿ ಏಪ್ರಿಲ್ 10ರಂದು ಬಂತು. ಚಾವಣಿಯ ಮೇಲಿನ ಎಸಿ 2001ರದ್ದು, ಅದರ ಕಾಯಿಲ್ ಸೋರುತ್ತಿದೆ, ತಂಪು ಮಾಡಲು ಅದು ಬಳಸುವುದು ಆರ್-22 ಎಂಬ ಅನಿಲವನ್ನು ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. 2020ರ ಜನವರಿಯಿಂದ ಈ ದೇಶದಲ್ಲಿ ಆ ಅನಿಲದ ತಯಾರಿಕೆ ಮತ್ತು ಆಮದು ನಿಂತುಹೋಗಿದೆ. ನಾನು ಆ ಸಾಲುಗಳಿಗೆ ಹಳದಿ ಬಣ್ಣ ಬಳಿದು, 11ರ ರಾತ್ರಿ 9.20ಕ್ಕೆ ನಿಮ್ಮ ಏಜೆಂಟರಿಗೆ ಕಳಿಸಿದೆ. "ನೋಡ್ಕೋತೀನಿ ಮೇಡಂ, ಟೆನ್ಷನ್ ಮಾಡ್ಕೋಬೇಡಿ" ಎಂದು ಉತ್ತರ ಬಂತು. 14ನೆಯ ತಾರೀಖು ಕಳೆಯಿತು. ನೋಟಿಸು ಹೋಗಲೇ ಇಲ್ಲ. "ಮಾರಾಟಗಾರರ ಏಜೆಂಟರೊಂದಿಗೆ ಫೋನಿನಲ್ಲಿ ಮಾತಾಡಿದ್ದೇನೆ, ಅವರು ಸರಿಮಾಡಿಸುತ್ತಾರೆ" ಎಂದು ನಿಮ್ಮ ಏಜೆಂಟರು ನಮಗೆ ಹೇಳಿದರು; ನಾವು ನಂಬಿ ಮೇ 6ರಂದು ಹಣ ಕಟ್ಟಿದೆವು.

ಜುಲೈ 9ರ ಸಂಜೆ ಎಸಿ ನಿಂತಿತು. ಹೊರಗೆ 110 ಡಿಗ್ರಿ ಫ್ಯಾರನ್‌ಹೀಟ್ ದಾಟಿತ್ತು. ರಾತ್ರಿ ಹನ್ನೊಂದಕ್ಕೆ ಮನೆಯೊಳಗೆ 97 ಇತ್ತು. ಮಾನ್ವಿಯಿಂದ ಬಂದಿದ್ದ ನನ್ನ ಎಪ್ಪತ್ತೊಂದು ವರ್ಷದ ಅತ್ತೆಯವರು ಒದ್ದೆ ಟವೆಲ್ ಹೊದ್ದು ಅಡುಗೆಮನೆಯ ನೆಲದ ಮೇಲೆ ಮಲಗಿದರು.

ಜುಲೈ 11ರ ಬೆಳಿಗ್ಗೆ ಅವರನ್ನೂ ಕರೆದುಕೊಂಡು ನಿಮ್ಮ ಕಚೇರಿಗೆ ಬಂದೆ. ಆ ಮನೆಯಲ್ಲಿ ಅವರೊಬ್ಬರನ್ನೇ ಬಿಟ್ಟುಬರಲು ನನಗೆ ಧೈರ್ಯವಾಗಲಿಲ್ಲ. ಹತ್ತೂವರೆಗೆ ಬಂದ ನಮ್ಮನ್ನು ಹನ್ನೊಂದೂಕಾಲಿನವರೆಗೆ ಕೂರಿಸಿದಿರಿ. ಇದ್ದ ಮೂರು ಕುರ್ಚಿಗಳಲ್ಲಿ ಎರಡರಲ್ಲಿ ಮನೆಗಳ ಚಿತ್ರ ನೋಡುತ್ತಿದ್ದ ಕಿರಿಯ ದಂಪತಿ ಕುಳಿತಿದ್ದರು. ಅತ್ತೆಯವರನ್ನು ಉಳಿದೊಂದರಲ್ಲಿ ಕೂರಿಸಿ ನಾನು ನಿಂತಿದ್ದೆ. ನಿಮ್ಮ ಏಜೆಂಟರು ಕಾಫಿ ಲೋಟ ಹಿಡಿದು ಹೊರಬಂದರು. ನಮ್ಮನ್ನು ಒಳಗೆ ಕರೆಯಲಿಲ್ಲ, ಎಲ್ಲರೆದುರು ಬಾಗಿಲಲ್ಲಿಯೇ ನಿಂತು ಮಾತಾಡಿದರು.

"ಕ್ಲೋಸಿಂಗ್ ಆಗಿ ಎರಡು ತಿಂಗಳಾಯ್ತಲ್ಲ ಮೇಡಂ, ಈಗ ನಾವೇನು ಮಾಡೋಕಾಗುತ್ತೆ?" ಎಂದರು. ನೋಟಿಸು ಏಕೆ ಕಳಿಸಲಿಲ್ಲ ಎಂದು ಕೇಳಿದೆ. "ನೀವು ಯೂನಿವರ್ಸಿಟಿಯಲ್ಲಿ ಕೆಲಸ ಮಾಡೋರು, ಓದಿದೋರು. ಕಾಂಟ್ರಾಕ್ಟ್ ನೀವೂ ಓದಬೇಕಿತ್ತು" ಎಂದರು. ನನ್ನ ಫೋನಿನಲ್ಲಿದ್ದ ಏಪ್ರಿಲ್ 11ರ ಇಮೇಲ್ ತೋರಿಸಿದೆ. ಅವರು ಅದನ್ನು ಓದಲಿಲ್ಲ, ಫೋನನ್ನು ಬೆರಳ ತುದಿಯಿಂದ ಪಕ್ಕಕ್ಕೆ ಸರಿಸಿದರು. ಮನೆಯಲ್ಲಿ ವಯಸ್ಸಾದವರಿದ್ದಾರೆ ಎಂದೆ. ಆಗ ಅವರು ಅತ್ತೆಯವರ ಕಡೆ ನೋಡಿ, ನಗುತ್ತ, ಆ ದಂಪತಿಗೂ ಕೇಳುವಂತೆ ಹೇಳಿದ ಮಾತು ಇದು: "ನೀವು ರಾಯಚೂರು ಕಡೆಯೋರಲ್ವಾ, ನಿಮಗೆ ಬಿಸಿಲು ಹೊಸದಾ?"

ಆ ಮಾತು ಇಂಗ್ಲಿಷಿನಲ್ಲಿ ಬಂದಿದ್ದರೆ ಅತ್ತೆಯವರಿಗೆ ತಿಳಿಯುತ್ತಿರಲಿಲ್ಲ. ಕನ್ನಡದಲ್ಲಿ ಬಂತು, ಪೂರ್ತಿ ತಿಳಿಯಿತು. ಕಾರು ಹತ್ತಿದ ಮೇಲೆ ಅವರು, "ನಾ ಊರಿಗೆ ಹೋಗಿಬಿಡ್ತೀನವ್ವ, ನನ್ನ ಸಲುವಾಗಿ ನೀ ಯಾಕ ಮಂದಿ ಕೈಯಾಗ ಅನ್ನಿಸಿಕೊಳ್ತಿ?" ಎಂದರು. ಮುಂದಿನ ವಾರ ಹೊರಟೇಹೋದರು.

ಆ ಪ್ರಶ್ನೆಗೆ ಅಂದು ನನ್ನ ಬಾಯಿಂದ ಮಾತು ಹೊರಡಲಿಲ್ಲ, ಇಂದು ಉತ್ತರಿಸುತ್ತೇನೆ. ರಾಯಚೂರಿನ ಬಿಸಿಲನ್ನು ನಾವು ಬಲ್ಲೆವು. ಅಲ್ಲಿ ದಪ್ಪ ಕಲ್ಲುಗೋಡೆಯ ಮನೆಗಳಿವೆ, ರಾತ್ರಿ ಮಾಳಿಗೆಯ ಮೇಲೆ ಹಾಸಿಗೆ ಹಾಸಿದರೆ ಗಾಳಿ ಬೀಸುತ್ತದೆ, ಕರೆದರೆ ಬರುವ ನೆರೆಯವರಿದ್ದಾರೆ. ಇಲ್ಲಿ ಕಾಂಕ್ರೀಟ್ ಬ್ಲಾಕಿನ ಗೋಡೆ ನಡುರಾತ್ರಿಯಲ್ಲೂ ಹಗಲಿನ ಕಾವನ್ನು ಒಳಗೇ ಕಕ್ಕುತ್ತದೆ. ಜುಲೈ ತಿಂಗಳ ಕೆಲವು ರಾತ್ರಿ ಹೊರಗಿನ ತಾಪಮಾನವೇ 90ಕ್ಕಿಂತ ಕೆಳಗಿಳಿಯುವುದಿಲ್ಲ. 2023ರಲ್ಲಿ ಫೀನಿಕ್ಸ್‌ನಲ್ಲಿ ಸತತ 31 ದಿನ 110 ಡಿಗ್ರಿ ಮುಟ್ಟಿತ್ತು. ಆ ವರ್ಷ ನಮ್ಮದೇ ಮಾರಿಕೋಪಾ ಕೌಂಟಿಯಲ್ಲಿ ಸೆಕೆಗೆ ಸಂಬಂಧಿಸಿ 645 ಜನ ಸತ್ತರು, ಅವರಲ್ಲಿ ಕೆಟ್ಟ ಎಸಿ ಇದ್ದ ಮನೆಗಳೊಳಗೆ ತೀರಿಕೊಂಡವರೂ ಇದ್ದರು. ಇದೇ ಊರಿನಲ್ಲಿ ಮನೆ ಮಾರಿ ಬದುಕುವವರು ಎಸಿಯನ್ನು ಅನುಕೂಲದ ವಸ್ತುವೆಂದು ಕಂಡರೆ ಅದನ್ನು ಅಜ್ಞಾನವೆಂದು ನಾನು ಒಪ್ಪಲಾರೆ. ಅದು ನಿರ್ದಯತೆ.

ಹೊಸ ಎಸಿಗೆ ನಾವು 9,600 ಡಾಲರ್ ಕೊಟ್ಟಿದ್ದೇವೆ, ಅದೂ ಸಾಲ ಮಾಡಿ. ಆ ಮೊತ್ತವನ್ನು ಪೂರ್ತಿಯಾಗಿ ಮರಳಿಸಬೇಕು, ಮತ್ತು ನೋಟಿಸು ಕಳಿಸದಿರುವುದು ನಿಮ್ಮ ತಪ್ಪೆಂದು ನೀವೇ ಸಹಿ ಮಾಡಿದ ಪತ್ರ ಕೊಡಬೇಕು. ಏಜೆಂಟರು ತಮ್ಮ ಗ್ರಾಹಕರ ಹಿತ ಕಾಯಲು ಬದ್ಧರು ಎಂದು ಈ ರಾಜ್ಯದ ರಿಯಲ್ ಎಸ್ಟೇಟ್ ಇಲಾಖೆಯ ನಿಯಮವೇ ಹೇಳುತ್ತದೆ. ಅವರ ಕೆಲಸದ ಮೇಲ್ವಿಚಾರಣೆ ಡೆಸಿಗ್ನೇಟೆಡ್ ಬ್ರೋಕರ್ ಆದ ನಿಮ್ಮ ಹೊಣೆ. ಅದಕ್ಕಾಗಿಯೇ ಈ ಪತ್ರ ಅವರ ಹೆಸರಿಗಲ್ಲದೆ ನಿಮಗೆ ಬರುತ್ತಿದೆ.

ಆಗಸ್ಟ್ 11ರವರೆಗೆ ಕಾಯುತ್ತೇನೆ. ನಿಮ್ಮಂತೆ ನಾನು ಗಡುವನ್ನು ಮರೆಯುವವಳಲ್ಲ. 12ರ ಬೆಳಿಗ್ಗೆ ಏಪ್ರಿಲ್ 11ರ ಇಮೇಲ್, ಅದರ ಉತ್ತರ ಮತ್ತು ಪರೀಕ್ಷಕರ ವರದಿಯೊಂದಿಗೆ ನನ್ನ ದೂರು ಇಲಾಖೆಗೆ ಸಲ್ಲುತ್ತದೆ. ಹತ್ತು ಸಾವಿರ ಡಾಲರ್‌ವರೆಗಿನ ಹಕ್ಕನ್ನು ಜಸ್ಟಿಸ್ ಕೋರ್ಟು ಕೇಳುತ್ತದೆ, ಅಲ್ಲಿಗೂ ಹೋಗುತ್ತೇನೆ. ಹಣ ಬಂದರೂ ಒಂದು ಕೆಲಸವನ್ನು ಮಾತ್ರ ಬಿಡುವುದಿಲ್ಲ. ನವೆಂಬರ್‌ನಲ್ಲಿ ರಾಜ್ಯೋತ್ಸವದ ಸಭಾಂಗಣದ ಬಾಗಿಲಲ್ಲಿ ನೀವು ಬ್ಯಾನರ್ ಕಟ್ಟಿ ಕುಳಿತಾಗ ನಾನೂ ಅಲ್ಲಿಯೇ ಇರುತ್ತೇನೆ. ನಿಮ್ಮ ಮೇಜಿನ ಬಳಿಗೆ ಬರುವ ಪ್ರತಿಯೊಂದು ಕುಟುಂಬಕ್ಕೂ ನನ್ನ ಅತ್ತೆಯವರಿಗೆ ನೀವು ಕೇಳಿದ ಪ್ರಶ್ನೆಯನ್ನು, ನೀವು ಕೇಳಿದ ಮಾತುಗಳಲ್ಲಿಯೇ, ಹೇಳುತ್ತೇನೆ.

ಇಂತಿ,
ನಿಮ್ಮ ಮೂಲಕ ಟೆಂಪಿಯಲ್ಲಿ ಮನೆ ಕೊಂಡ ಗ್ರಾಹಕಿ