ಕೂಗಿದವಳು ಯಾರು?

ಪ್ರೀತಿಯ ತಂಗಿಗೆ,

ನಿನ್ನ ಕಾಗದ ಬಂದು ಹದಿನೈದು ದಿನವಾಯಿತು. ಜೊತೆಗಿದ್ದ ಕಥೆಗಳನ್ನು ಮೂರು ಸಲ ಓದಿದೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ಬರೆದದ್ದು ಒಂದು. ಅದನ್ನೇ ಇಪ್ಪತ್ತೇಳರಲ್ಲಿ ಮತ್ತೆ ಬರೆದದ್ದು ಇನ್ನೊಂದು. ಹೊಸದನ್ನು ಓದಿದ ಗೆಳೆಯರು ಹಳೆಯದೇ ಚೆನ್ನಾಗಿತ್ತು ಅಂದರಂತೆ. ಬರೆದದ್ದನ್ನೇ ಮತ್ತೆ ಬರೆಯುವವರ ಹತ್ತಿರ ಹೇಳಲು ಬೇರೇನೂ ಇರುವುದಿಲ್ಲ ಅಂತ ಒಬ್ಬರು ಮುಖಕ್ಕೇ ಹೇಳಿದರಂತೆ. ಅದಕ್ಕೆ ಎರಡನ್ನೂ ಹರಿದು ಹಾಕುತ್ತೇನೆ ಅಂತ ಬರೆದಿದ್ದೀಯ. ಆ ಸಾಲು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಎಲ್ಲಿಗೆ ಕಳಿಸಬೇಕು, ಎಷ್ಟು ಪುಟ ಇರಬೇಕು, ಮುನ್ನುಡಿ ಯಾರ ಹತ್ತಿರ ಬರೆಸಬೇಕು ಅಂತಲೂ ಕೇಳಿದ್ದೀಯ. ಅದನ್ನೆಲ್ಲ ಯಾರು ಬೇಕಾದರೂ ಹೇಳಿಕೊಡುತ್ತಾರೆ. ನಾನು ಒಂದೇ ವಿಷಯ ಬರೆಯುತ್ತೇನೆ. ಅದು ಮತ್ತೆ ಬರೆಯುವುದರ ಬಗ್ಗೆ.

ಈ ವಿಷಯದಲ್ಲಿ ನನಗೆ ಕಣ್ಣು ತೆರೆಸಿದ್ದು ಎರಡು ಸಿನಿಮಾ. ಆಲ್ಫ್ರೆಡ್ ಹಿಚ್‌ಕಾಕ್ 1934ರಲ್ಲಿ ಇಂಗ್ಲೆಂಡಿನಲ್ಲಿ 'ದ ಮ್ಯಾನ್ ಹೂ ನ್ಯೂ ಟೂ ಮಚ್' ಮಾಡಿದರು. 22 ವರ್ಷ ಕಳೆದ ಮೇಲೆ, 1956ರಲ್ಲಿ, ಹಾಲಿವುಡ್‌ನಲ್ಲಿ ಅದೇ ಕಥೆಯನ್ನು ಅದೇ ಹೆಸರಿನಲ್ಲಿ ಮತ್ತೆ ಮಾಡಿದರು. ಮೊದಲನೆಯದು ಕಪ್ಪು ಬಿಳುಪು, ಬರೀ ಒಂದೂಕಾಲು ಗಂಟೆ. ಎರಡನೆಯದು ಬಣ್ಣದ್ದು, ಎರಡು ಗಂಟೆ. ಅಷ್ಟು ಹೊತ್ತಿಗೆ ಅವರಿಗೆ ಹೆಸರಿತ್ತು, ದುಡ್ಡಿತ್ತು, ಯಾವ ಕಥೆ ಬೇಕಾದರೂ ಸಿಗುತ್ತಿತ್ತು. ಹೇಳಲು ಬೇರೇನೂ ಇಲ್ಲದ ಮನುಷ್ಯರಂತೂ ಅವರಲ್ಲ. ಇದನ್ನು ನಿನ್ನ ಆ ಗೆಳೆಯರಿಗೆ ಹೇಳು.

ಕಥೆ ಇಷ್ಟು. ಪರದೇಶಕ್ಕೆ ರಜೆಗೆ ಹೋದ ಗಂಡ ಹೆಂಡತಿಯ ಕಣ್ಣೆದುರು ಒಬ್ಬನ ಕೊಲೆಯಾಗುತ್ತದೆ. ಲಂಡನ್ನಿನಲ್ಲಿ ಒಬ್ಬ ದೊಡ್ಡ ಮನುಷ್ಯನನ್ನು ಕೊಲ್ಲುವ ಸಂಚಿನ ಗುಟ್ಟು ಇವರಿಗೆ ತಿಳಿದುಬಿಡುತ್ತದೆ. ಬಾಯಿ ಬಿಡಬಾರದು ಅಂತ ಸಂಚುಕೋರರು ಇವರ ಮಗುವನ್ನು ಹಿಡಿದಿಟ್ಟುಕೊಳ್ಳುತ್ತಾರೆ. ಕೊಲೆ ನಡೆಯಬೇಕಾದದ್ದು ಆಲ್ಬರ್ಟ್ ಹಾಲ್‌ನ ಸಂಗೀತ ಕಚೇರಿಯಲ್ಲಿ. ದೊಡ್ಡ ಕಂಚಿನ ತಾಳ ಝಲ್ಲೆಂದು ಬಡಿಯುವ ಗಳಿಗೆಯಲ್ಲಿ ಗುಂಡು ಹಾರಬೇಕು. ಆ ಸದ್ದಿನಲ್ಲಿ ಈ ಸದ್ದು ಮುಚ್ಚಿಹೋಗಬೇಕು. ತಾಯಿ ಅಲ್ಲೇ ನಿಂತಿದ್ದಾಳೆ. ಸುಮ್ಮನಿದ್ದರೆ ಮಗು ಉಳಿದೀತು. ಕೂಗಿದರೆ ಆ ಪರಕೀಯ ಉಳಿಯುತ್ತಾನೆ, ಮಗುವಿನ ಗತಿ ಏನೋ. ಅವಳು ಕೂಗುತ್ತಾಳೆ.

ಎರಡೂ ಸಿನಿಮಾದಲ್ಲಿ ಕೂಗುತ್ತಾಳೆ. ಇಲ್ಲೇ ಸ್ವಲ್ಪ ನಿಂತು ನೋಡು.

1934ರ ತಾಯಿ ಬಂದೂಕಿನಲ್ಲಿ ಗುರಿಕಾರ್ತಿ. ಸ್ವಿಟ್ಜರ್ಲೆಂಡಿನ ಹಿಮದ ಊರಿನಲ್ಲಿ ಪಂದ್ಯದಲ್ಲಿ ಗುರಿ ತಪ್ಪಿ ಒಬ್ಬನ ಎದುರು ಸೋಲುತ್ತಾಳೆ. ಕಥೆಯ ಕೊನೆಗೆ ಅವನೇ ಅವಳ ಮಗಳನ್ನು ಅಟ್ಟಿಸಿಕೊಂಡು ಛಾವಣಿ ಮೇಲೆ ಬರುತ್ತಾನೆ. ಮಗುವಿಗೆ ಬಿದ್ದೀತು ಅಂತ ಪೊಲೀಸಿನವನು ಗುಂಡು ಹಾರಿಸಲು ಹೆದರುತ್ತಾನೆ. ಇವಳು ಬಂದೂಕು ಕಿತ್ತುಕೊಂಡು ಹೊಡೆಯುತ್ತಾಳೆ. ಈ ಸಲ ಗುರಿ ತಪ್ಪುವುದಿಲ್ಲ. ಅವಳ ಶಕ್ತಿ ಕೈಯಲ್ಲಿದೆ. ನಡುವೆ ಕೂಗಿದ್ದು ಬರೀ ಕೂಗು ಅಷ್ಟೇ.

1956ರ ತಾಯಿ ಹಾಡುಗಾರ್ತಿ. ಡೋರಿಸ್ ಡೇ ಆ ಪಾತ್ರ ಮಾಡಿದ್ದಾರೆ. ಡಾಕ್ಟರನನ್ನು ಮದುವೆಯಾಗಿ ವೇದಿಕೆ ಬಿಟ್ಟವಳು. ಲಂಡನ್ನಿನ ಜನಕ್ಕೆ ಅವಳ ನೆನಪು ಇನ್ನೂ ಇದೆ, ಅವಳು ಮಾತ್ರ ಈಗ ಹಾಡುವುದು ಮಗನಿಗಾಗಿ, ಮನೆಯೊಳಗೆ. ಅವರು ರಜೆಗೆ ಹೋದ ಮೊರಾಕ್ಕೊದ ಮರಾಕೆಶ್‌ನಲ್ಲಿ ಮಗ ಕಾಣೆಯಾದ ಸುದ್ದಿ ಮೊದಲು ಗಂಡನಿಗೆ ತಿಳಿಯುತ್ತದೆ. ಅವನು ಏನು ಮಾಡುತ್ತಾನೆ ಗೊತ್ತಾ? ಅವಳಿಗೆ ಮೊದಲು ನಿದ್ದೆ ಬರುವ ಮಾತ್ರೆ ನುಂಗಿಸುತ್ತಾನೆ. ಅದು ಹೊಟ್ಟೆಗೆ ಹೋದ ಮೇಲೆ ವಿಷಯ ಹೇಳುತ್ತಾನೆ. ಅವಳು ಒದ್ದಾಡುತ್ತಾಳೆ, ಅಳುತ್ತಾಳೆ, ಅಳುತ್ತ ಅಳುತ್ತಲೇ ಮಾತ್ರೆ ಅವಳನ್ನು ಕೆಳಗೆಳೆಯುತ್ತದೆ. ಪ್ರೀತಿಯಿಂದಲೇ ಒಬ್ಬಳ ಬಾಯಿ ಮುಚ್ಚಿಸುವುದು ಹೀಗೆ. ಆ ದೃಶ್ಯವನ್ನು ನಾನು ನೆಟ್ಟಗೆ ಕೂತು ನೋಡಲಾರೆ.

ಈಗ ಅವಳನ್ನು ಆಲ್ಬರ್ಟ್ ಹಾಲ್‌ನಲ್ಲಿ ನಿಲ್ಲಿಸು. ಸುಮಾರು 12 ನಿಮಿಷ ಒಂದು ಮಾತೂ ಕೇಳಿಸುವುದಿಲ್ಲ, ಬರೀ ಸಂಗೀತ. ತಾಳ ಹಿಡಿದವನು ಎದ್ದು ನಿಲ್ಲುತ್ತಾನೆ. ಅವಳ ಗಂಟಲಲ್ಲಿ ಸಿಕ್ಕಿಕೊಂಡಿರುವುದು ಒಂದು ಕೂಗು ಮಾತ್ರ ಅಂತ ನನಗೆ ಅನ್ನಿಸುವುದಿಲ್ಲ. ಅಷ್ಟೂ ವರ್ಷ ಹಾಡದೆ ಉಳಿದದ್ದೆಲ್ಲ ಅಲ್ಲಿದೆ. ಕೂಗಿದ್ದರಿಂದ ಬದುಕಿ ಉಳಿದವನು ಒಂದು ಪರದೇಶದ ಪ್ರಧಾನಿ. ಅವನ ಕಡೆಯಿಂದ ಅವಳಿಗೆ ತಮ್ಮ ರಾಯಭಾರ ಕಚೇರಿಗೆ ಬರುವಂತೆ ಆಹ್ವಾನ ಬರುತ್ತದೆ. ಮಗನನ್ನು ಬಚ್ಚಿಟ್ಟಿರುವುದೂ ಅಲ್ಲೇ. ಅಲ್ಲಿ ಅವಳು ಪಿಯಾನೋ ಮುಂದೆ ಕೂತು ಮಗನಿಗೆ ಹಾಡುತ್ತಿದ್ದ 'ಕೆ ಸೆರಾ ಸೆರಾ' ಹಾಡುತ್ತಾಳೆ. ಆ ಸಭೆಗೆ ಬೇಕಾದ್ದಕ್ಕಿಂತ ಜಾಸ್ತಿ ದನಿ ಎತ್ತಿ ಹಾಡುತ್ತಾಳೆ. ಮಹಡಿ ಮೇಲಿನ ಕೋಣೆಯಿಂದ ಮಗನ ಸಿಳ್ಳೆ ಕೇಳಿಸುತ್ತದೆ.

ನೋಡು, ತಾಳ ಅದೇ. ಸಂಗೀತವೂ ಅದೇ, ಆರ್ಥರ್ ಬೆಂಜಮಿನ್ 1934ರ ಚಿತ್ರಕ್ಕೆ ಅಂತಲೇ ಬರೆದದ್ದು. ಎರಡನೇ ಚಿತ್ರಕ್ಕೆ ಬರ್ನಾರ್ಡ್ ಹರ್ಮನ್ ಹೊಸದು ಬರೆಯಬಹುದಿತ್ತು. ಬೇಡ, ಇದೇ ಸರಿ ಅಂತ ಹಳೆಯದನ್ನೇ ಉಳಿಸಿಕೊಂಡು, ಪರದೆಯ ಮೇಲೆ ತಾವೇ ನಿಂತು ವಾದ್ಯಗಾರರನ್ನು ನಡೆಸಿದರು. ಹಿಮದ ಊರು ಹೋಗಿ ಮರಾಕೆಶ್ ಬಂತು, ಮಗಳು ಹೋಗಿ ಮಗ ಬಂದ, ಬಂದೂಕು ಹೋಗಿ ಹಾಡು ಬಂತು. ಬಿಡಲಾಗದ ಒಂದನ್ನು ಮಾತ್ರ ಬಿಡಲಿಲ್ಲ. ಅದರ ಎದುರು ನಿಂತವಳು ಯಾರು ಅಂತ ಹೊಸದಾಗಿ ಕೇಳಿಕೊಂಡರು.

ಈಗ ನಿನ್ನ ಕಥೆಗೆ ಬರುತ್ತೇನೆ. ಕೋಪ ಮಾಡಿಕೊಳ್ಳಬೇಡ.

ಹೊಳೆದಂಡೆ, ರಾತ್ರಿ. ಮಗ ಆಚೆ ದಡದಲ್ಲಿ ಕದ್ದು ಮರಳು ತುಂಬುತ್ತಿದ್ದಾನೆ. ಈಚೆ ದಡದಲ್ಲಿ ದೀಪ ಆರಿಸಿಕೊಂಡು ಜೀಪು ಕಾಯುತ್ತಿದೆ. ತಾಯಿ ಕೂಗಿದರೆ ಮಗ ತಪ್ಪಿಸಿಕೊಳ್ಳುತ್ತಾನೆ. ಸುಮ್ಮನಿದ್ದರೆ ಹೊಳೆ ಉಳಿಯುತ್ತದೆ. ಅವಳು ಕೂಗುತ್ತಾಳೆ. ಇದು ನಿನ್ನ ತಾಳ. ಹತ್ತೊಂಬತ್ತು ವರ್ಷದ ಹುಡುಗಿಗೆ ಇದು ಹೊಳೆದಿತ್ತಲ್ಲ ಅಂತ ನನಗೆ ಈಗಲೂ ಆಶ್ಚರ್ಯ. ಎರಡನೇ ಸಲ ಬರೆಯುವಾಗ ಲಾರಿಯ ವಿವರ ಸರಿ ಮಾಡಿದ್ದೀಯ. ಮಳೆಗೆ ಎರಡು ಪುಟ ಕೊಟ್ಟಿದ್ದೀಯ. ಮರಳಿನ ದರ, ಪರ್ಮಿಟ್ಟು, ಎಲ್ಲ ವಿಚಾರಿಸಿ ಬರೆದಿದ್ದೀಯ. ತಾಯಿಯನ್ನು ಮಾತ್ರ ಹಾಗೇ ಬಿಟ್ಟಿದ್ದೀಯ. ಹಾಗೇ ಅಂದರೆ ತಪ್ಪಾಯಿತು, ಕಮ್ಮಿ ಮಾಡಿದ್ದೀಯ. ಮೊದಲ ಕಥೆಯಲ್ಲಿ ಒಂದು ಸಾಲಿತ್ತು. ಸೇತುವೆ ಆಗುವ ಮೊದಲು ಅವಳ ಗಂಡ ದೋಣಿ ನಡೆಸುತ್ತಿದ್ದ, ಈಚೆ ದಡಕ್ಕೆ ಜನ ಬಂದರೆ ಅವನನ್ನು ಆಚೆಯಿಂದ ಕೂಗಿ ಕರೆಯುತ್ತಿದ್ದವಳು ಅವಳೇ ಅಂತ. ಅದನ್ನು ಹೊಡೆದು ಹಾಕಿದ್ದೀಯ! ಯಾಕೆ? 'ಭಾವುಕವಾಯಿತು ಅನ್ನಿಸಿತು' ಅಂತ ಕಾಗದದಲ್ಲಿ ಬರೆದಿದ್ದೀಯ. ನನಗೆ ನಿಜಕ್ಕೂ ಸಿಟ್ಟು ಬಂತು. ಇಡೀ ಹೊಳೆಗೆ ಕೇಳುವ ದನಿಯಿದ್ದ ಹೆಂಗಸು ಸೇತುವೆ ಬಂದ ಮೇಲೆ ಯಾರನ್ನು ಕೂಗಿದಳು? ಗಂಡನನ್ನು ಕರೆದ ದನಿಯಲ್ಲೇ ಮಗನನ್ನು ಓಡಿಸಬೇಕಲ್ಲ! ಎರಡನೇ ಕಥೆ ಅಲ್ಲಿತ್ತು. ನೀನು ಮಳೆಯ ಹಿಂದೆ ಹೋದೆ.

ಸಿಟ್ಟು ಬಂದದ್ದಕ್ಕೆ ನನ್ನದೇ ಒಂದು ಹಳೇ ನೋವೂ ಕಾರಣ. ನನ್ನ ಮೊದಲ ಕಥೆಗಳಲ್ಲಿ ಒಂದು ಅಜ್ಜಿಯದು. ಆ ಕಾಲದಲ್ಲಿ ಒಬ್ಬ ಸಂಪಾದಕರು ಹೆಂಗಸರ ಅಳು ಜಾಸ್ತಿಯಾಯಿತು, ಕತ್ತರಿಸು ಅಂದರು. ಅವರ ಮಾತು ನನ್ನೊಳಗೆ ಎಷ್ಟು ಗಟ್ಟಿಯಾಗಿ ಕೂತಿತೆಂದರೆ, ಹತ್ತು ವರ್ಷದ ಮೇಲೆ ಪುಸ್ತಕ ಮರುಮುದ್ರಣವಾದಾಗ ಯಾರೂ ಕೇಳದೆಯೇ ನಾನೇ ಕತ್ತರಿಸಿದೆ. ನಾಚಿಕೆಯಾಗಿ ಹಳೆಯ ಪ್ರತಿಗಳನ್ನೂ ರದ್ದಿಗೆ ಹಾಕಿದೆ. ಆಮೇಲೊಂದು ಸಲ ಬಸ್ಸಿನಲ್ಲಿ ಒಬ್ಬ ಹೆಂಗಸು ಗುರುತು ಹಿಡಿದು, ಅಜ್ಜಿ ಬಳೆ ಎಣಿಸುವ ಭಾಗ ಹೊಸ ಪುಸ್ತಕದಲ್ಲಿ ಯಾಕಿಲ್ಲ ಅಂತ ಕೇಳಿದರು. ಅಜ್ಜಿ ಬಳೆ ಎಣಿಸಿದ್ದು ಯಾಕೆ ಅಂತಲೇ ನನಗೆ ನೆನಪಿರಲಿಲ್ಲ. ಇವತ್ತಿಗೂ ಇಲ್ಲ. ಆ ಕಥೆ ನನ್ನ ಹತ್ತಿರ ಇಲ್ಲ. ಆ ಸಂಪಾದಕರ ಮೇಲಿನ ಸಿಟ್ಟು ಹೋಗಿಲ್ಲ, ನನ್ನ ಮೇಲಿನದು ಇನ್ನೂ ದೊಡ್ಡದು.

ಹಿಚ್‌ಕಾಕ್ ಮೊದಲನೆಯದನ್ನು ರದ್ದಿಗೆ ಹಾಕಲಿಲ್ಲ, ನಿಜ. ಆದರೆ ಅವರ ಒಂದು ಮಾತು ನನಗೆ ಒಪ್ಪಿಗೆಯಿಲ್ಲ. ಫ್ರೆಂಚ್ ಸಿನಿಮಾ ನಿರ್ದೇಶಕ ಟ್ರೂಫೋ ಜೊತೆಗಿನ ಸಂದರ್ಶನದಲ್ಲಿ ಅವರು ಮೊದಲನೆಯದು ಪ್ರತಿಭೆಯಿರುವ ಹವ್ಯಾಸಿಯ ಕೆಲಸ, ಎರಡನೆಯದು ವೃತ್ತಿಪರನದು ಅಂದರು. ಜನ ಇದನ್ನೇ ಹಿಡಿದುಕೊಂಡು ಹೇಳುತ್ತಾರೆ. ಆದರೆ ಮೊದಲನೆಯದರಲ್ಲಿ ಪೀಟರ್ ಲೋರಿಯ ಖಳನನ್ನು ನೋಡು. ಆಗಿನ್ನೂ ಇಂಗ್ಲಿಷ್ ಸರಿಯಾಗಿ ಬಾರದೆ, ಸದ್ದು ಕಲಿತು ಮಾತು ಒಪ್ಪಿಸಿದ ನಟ. ನಗುತ್ತಲೇ ಮೈ ನಡುಗಿಸುತ್ತಾನೆ. ಅಂಥವನು ಎರಡನೆಯದರಲ್ಲಿ ಇಲ್ಲ. ಎರಡನೆಯದರಲ್ಲಿ ಸತ್ತ ಪ್ರಾಣಿಗಳಿಗೆ ಹುಲ್ಲು ತುಂಬುವವನ ಅಂಗಡಿಯ ಗಲಾಟೆ ನನಗೆ ಉದ್ದವಾಯಿತು ಅನ್ನಿಸುತ್ತದೆ. ಮೊದಲನೆಯದರ ಓಟ ಅಲ್ಲಿ ನಿಂತುಹೋಗುತ್ತದೆ. ಆದರೂ ಆ ತಾಯಿಗಾಗಿ ನಾನು ಮತ್ತೆ ಮತ್ತೆ ನೋಡುವುದು ಎರಡನೆಯದನ್ನೇ. ಮೊದಲನೆಯದನ್ನು ಹವ್ಯಾಸಿಯದು ಅಂತ ಕರೆಯದೆಯೂ ಇದನ್ನು ಹೇಳಬಹುದು.

ನೀನೂ ಹತ್ತೊಂಬತ್ತರ ಕಥೆಯನ್ನು 'ಬಾಲಿಶ' ಅಂದಿದ್ದೀಯ. ಆ ಹುಡುಗಿಯನ್ನು ಹಾಗೆ ಅನ್ನಬೇಡ. ಇವತ್ತು ನಿನಗೆ ಬೇಕಾಗಿರುವುದನ್ನು ಅವಳೇ ಒಂದು ಸಾಲಿನಲ್ಲಿ ಬರೆದಿಟ್ಟಿದ್ದಾಳೆ. ಎರಡೂ ಪ್ರತಿಯ ಒಂದೊಂದು ಜೆರಾಕ್ಸ್ ನಾನು ತೆಗೆಸಿಟ್ಟುಕೊಂಡಿದ್ದೇನೆ. ನೀನು ಹರಿದರೂ ನನ್ನ ಹತ್ತಿರ ಇರುತ್ತವೆ.

ಈಗಲೇ ಮೂರನೆಯದು ಬರೆಯಲು ಕೂರಬೇಡ. ಬರೆಯಲೇಬೇಕು ಅಂತಲೂ ಇಲ್ಲ. ಆದರೆ ನನಗೊಂದು ವಿಷಯ ತಿಳಿಯಬೇಕಾಗಿದೆ. ಆ ಕಾಲದಲ್ಲಿ ದೋಣಿಯನ್ನು ಏನಂತ ಕೂಗಿ ಕರೆಯುತ್ತಿದ್ದರು? ಹೆಸರು ಹಿಡಿದಾ, ಬರೀ 'ಓ' ಅಂತಲಾ? ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲವಲ್ಲ, ಹಾಗಾದರೆ ಏನಂತ? ನಿನ್ನ ಮೊದಲ ಕಥೆಯಲ್ಲೂ ಅದಿಲ್ಲ. ನಿಮ್ಮೂರಿನಲ್ಲಿ ಕೇಳಿಸಿಕೊಂಡವರು ಒಬ್ಬಿಬ್ಬರಾದರೂ ಇರುತ್ತಾರೆ. ಹೋಗಿ ಕೇಳು. ಮುಂದಿನ ಕಾಗದದಲ್ಲಿ ಅದನ್ನೊಂದು ಬರೆದು ಕಳಿಸು.

ನಿನ್ನ,
ಅಕ್ಕ