ಆರನೇ ಚುಕ್ಕೆ ಇಟ್ಟು ನೋಡು

ಸಾಗರ,
ಸೋಮವಾರ ರಾತ್ರಿ

ಚಿ. ಪುಟ್ಟಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಮಳೆ ಇನ್ನೂ ಬಿಟ್ಟಿಲ್ಲ. ತೋಟಕ್ಕೆ ಎರಡನೇ ಸಲ ಕೊಳೆ ಔಷಧಿ ಹೊಡೆಸಬೇಕು. ಹೊಳವಾಗಲಿ ಎಂದು ನಿನ್ನ ದೊಡ್ಡಪ್ಪ ಕಾಯುತ್ತಿದ್ದಾರೆ.

ನಿನ್ನೆ ಫೋನಿನಲ್ಲಿ ನೀನು ಅತ್ತಿದ್ದು ನನ್ನ ಕಿವಿಯಲ್ಲೇ ಇದೆ. ಡಿಸ್ಕ್ರೀಟ್ ಮ್ಯಾಥ್ಸ್ (ಎಣಿಕೆ, ತರ್ಕ, ಗ್ರಾಫ್‌ಗಳ ಗಣಿತ) ಮೊದಲ ಇಂಟರ್ನಲ್ಸ್‌ನಲ್ಲಿ 30ಕ್ಕೆ 9. "ನನಗೆ ಕೋಡ್ ಬರೆಯೋಕೆ ಬರುತ್ತೆ ದೊಡ್ಡಮ್ಮ, ಇದನ್ನೆಲ್ಲ ಯಾಕೆ ಓದಬೇಕು?" ಎಂದೆ. ಆಗ ಸಮಾಧಾನ ಹೇಳಿದೆನೇ ಹೊರತು ಉತ್ತರ ಹೇಳಲಿಲ್ಲ. ಈ ಉತ್ತರಕ್ಕೆ ಕಾಗದ, ಪೆನ್ಸಿಲ್ ಬೇಕು. ಅದಕ್ಕೇ ಈ ಪತ್ರ.

ಮೊದಲು ಒಂದು ವೃತ್ತ ಬರಿ. ಅಂಚಿನ ಮೇಲೆ 2 ಚುಕ್ಕೆ ಇಟ್ಟು ಗೆರೆ ಎಳೆದು ಸೇರಿಸು. ವೃತ್ತ 2 ತುಂಡಾಯಿತು. 3 ಚುಕ್ಕೆ ಇಟ್ಟು ಎಲ್ಲ ಜೋಡಿಗಳನ್ನೂ ಸೇರಿಸಿದರೆ 4 ತುಂಡು. 4 ಚುಕ್ಕೆಗೆ 8. 5 ಚುಕ್ಕೆಗೆ 16. ಮುಂದಿನದು 32 ಎಂದು ಯಾರಾದರೂ ಹೇಳಿಬಿಡುತ್ತಾರೆ, ಅಲ್ವಾ? ಈಗ 6 ಚುಕ್ಕೆ ಇಡು. ಮೂರು ಗೆರೆ ಒಂದೇ ಕಡೆ ಸೇರದ ಹಾಗೆ ನೋಡಿಕೊ. ನಿಧಾನವಾಗಿ ಎಣಿಸು. 31 ಬರುತ್ತದೆ. ತಪ್ಪಿರಬೇಕು ಎಂದು ಮತ್ತೆ ಎಣಿಸುತ್ತೀಯ. ಆಗಲೂ 31.

ನೀನು ಬರೆದ ಪ್ರೋಗ್ರಾಂ ಐದು ಟೆಸ್ಟ್ ಕೇಸ್‌ನಲ್ಲಿ ಪಾಸಾದರೆ ಸರಿ ಇದೆ ಎಂದು ಬಿಟ್ಟುಬಿಡುತ್ತೀಯಲ್ಲ, ಇಲ್ಲಿ ಆಗಿದ್ದೂ ಅದೇ. ಹಾಗಾದರೆ ಯಾಕೆ 31? ಹೊಸ ಗೆರೆ ಎಳೆದಾಗಲೆಲ್ಲ ಒಂದು ತುಂಡು ಹೆಚ್ಚುತ್ತದೆ. ಆ ಗೆರೆ ಹಳೆಯ ಗೆರೆಯೊಂದನ್ನು ದಾಟಿದರೆ, ದಾಟಿದ ಪ್ರತಿ ಕಡೆಗೂ ಇನ್ನೊಂದು ಹೆಚ್ಚುತ್ತದೆ. ಆರು ಚುಕ್ಕೆಗಳಲ್ಲಿ ಎರಡನ್ನು ಆರಿಸಲು 15 ದಾರಿ. ಅಂದರೆ 15 ಗೆರೆ. ಎರಡು ಗೆರೆ ಒಂದನ್ನೊಂದು ದಾಟಬೇಕಾದರೆ ಅಂಚಿನಲ್ಲಿ ನಾಲ್ಕು ಚುಕ್ಕೆ ಬೇಕು. ನಾಲ್ಕು ಆರಿಸಿದರೆ ಒಂದೇ ಒಂದು ದಾಟು ಸಿಗುತ್ತದೆ. ಆರರಲ್ಲಿ ನಾಲ್ಕನ್ನು ಆರಿಸಲು ಮತ್ತೆ 15 ದಾರಿ. ಮೊದಲೇ ಇದ್ದ ಇಡೀ ವೃತ್ತ 1. ಒಟ್ಟು 1+15+15. ಹೀಗೆ ಆರಿಸುವ ದಾರಿಗಳ ಲೆಕ್ಕಕ್ಕೆ ಸೂತ್ರವನ್ನು 9ನೇ ಶತಮಾನದಲ್ಲೇ ಮಹಾವೀರಾಚಾರ್ಯ ಹೇಳಿದ್ದಾನೆ. ರಾಷ್ಟ್ರಕೂಟರ ಅಮೋಘವರ್ಷನ ಕಾಲದವನು ಅವನು. ನಿನ್ನ ಸಿಲೆಬಸ್‌ನಲ್ಲಿರುವ ಎನ್-ಸಿ-ಆರ್ ಅದೇ.

ಪುಟ್ಟಿ, ನಾನು ಈ ಪತ್ರದಲ್ಲಿ ಹೇಳಬೇಕೆಂದಿರುವುದು ಒಂದೇ ಮಾತು. ಉತ್ತರ ಬಂದ ಮೇಲೆ "ಇದು ಯಾಕೆ ಸರಿ?" ಎಂದು ಕೇಳಿಕೊ. ನಿನಗೆ ಒಂಬತ್ತು ಅಂಕ ಬಂದಿರುವುದು ಲೆಕ್ಕ ಬರದೆ ಅಲ್ಲ. ನೀನು ವಾಟ್ಸಾಪ್‌ನಲ್ಲಿ ಕಳಿಸಿದ ಉತ್ತರಪತ್ರಿಕೆ ನೋಡಿದೆ. ಎಲ್ಲ ಕಡೆ ಉತ್ತರ ಇದೆ, ಕಾರಣ ಇಲ್ಲ.

ಇಂಡಕ್ಷನ್ ಪ್ರಶ್ನೆ ಹಾಗೇ ಬಿಟ್ಟು ಬಂದಿದ್ದೀಯ. ಅದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ನನ್ನ ಪ್ರಕಾರ ಕಂಪ್ಯೂಟರ್ ಸೈನ್ಸ್ ಓದುವವರಿಗೆ ಬೇಕಾದ ಗಣಿತದಲ್ಲಿ ಮೊದಲ ಜಾಗ ಅದಕ್ಕೇ.

ನಾನು ಪಾಠ ಮಾಡಲು ಶುರು ಮಾಡಿದ ಹೊಸತರಲ್ಲಿ ಇಂಡಕ್ಷನ್ ಅನ್ನು ಮೂರು ಹೆಜ್ಜೆಯ ಪೂಜೆಯ ಹಾಗೆ ಹೇಳಿಕೊಡುತ್ತಿದ್ದೆ. ಒಂದಕ್ಕೆ ನಿಜ ಎಂದು ತೋರಿಸಿ. ಕೆ-ಗೆ ನಿಜ ಎಂದುಕೊಳ್ಳಿ. ಕೆ+1ಕ್ಕೆ ತೋರಿಸಿ. ಒಂದು ದಿನ ಹಿಂದಿನ ಬೆಂಚಿನ ಹುಡುಗ ಎದ್ದು, "ಮೇಡಂ, ಕೆ-ಗೆ ನಿಜ ಅಂತ ಅಂದುಕೊಂಡರೆ, ಸಾಬೀತು ಮಾಡಬೇಕಾಗಿದ್ದನ್ನೇ ಅಂದುಕೊಂಡ ಹಾಗಾಯ್ತಲ್ವಾ?" ಎಂದ. ನನಗೆ ಆ ಹೊತ್ತಿಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ನಾಳೆ ಹೇಳುತ್ತೇನೆ ಎಂದೆ. ಮರುದಿನ ಹೇಳಿದ್ದೂ ಅರ್ಧಂಬರ್ಧ. ಆ ಪ್ರಶ್ನೆಯನ್ನು ಬಹಳ ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ.

ಆಮೇಲೊಮ್ಮೆ ಕಂಪ್ಯೂಟರ್ ಲ್ಯಾಬ್‌ನಲ್ಲಿ ಮಕ್ಕಳು ರಿಕರ್ಷನ್ ಬರೆಯುವುದನ್ನು ನೋಡುತ್ತಿದ್ದೆ. ಒಂದು ಪಟ್ಟಿಯನ್ನು ಚಿಕ್ಕದರಿಂದ ದೊಡ್ಡದಕ್ಕೆ ಕ್ರಮವಾಗಿ ಜೋಡಿಸಬೇಕು. ಫಂಕ್ಷನ್ ಪಟ್ಟಿಯನ್ನು ಅರ್ಧ ಮಾಡುತ್ತದೆ, ಎರಡು ಅರ್ಧಕ್ಕೂ ತನ್ನನ್ನೇ ಕರೆಯುತ್ತದೆ, ಬಂದ ಎರಡನ್ನು ಸೇರಿಸುತ್ತದೆ. "ಚಿಕ್ಕ ಪಟ್ಟಿಗೆ ಸರಿಯಾಗಿ ಬರುತ್ತದೆ" ಎಂದು ನಂಬಿ ದೊಡ್ಡದಕ್ಕೆ ಬರೆಯುವುದು. ಇದೇ ಇಂಡಕ್ಷನ್. ಆ ಹುಡುಗನಿಗೆ ಹೇಳಬೇಕಾಗಿದ್ದ ಮಾತು ಅಲ್ಲಿತ್ತು. ಕೆ-ಗೆ ನಿಜ ಎಂದು ನಾವು ಸಾರುತ್ತಿಲ್ಲ. ಕೆ-ಗೆ ನಿಜವಾದ ಪಕ್ಷದಲ್ಲಿ ಕೆ+1ಕ್ಕೂ ನಿಜ ಎಂಬ ಕೊಂಡಿಯನ್ನು ಮಾತ್ರ ತೋರಿಸುತ್ತಿದ್ದೇವೆ. ಕೊಂಡಿಗಳು ಎಷ್ಟೇ ಗಟ್ಟಿ ಇದ್ದರೂ ಮೊದಲನೆಯದನ್ನು ಗೂಟಕ್ಕೆ ಕಟ್ಟಬೇಕು.

ಕಟ್ಟದಿದ್ದರೆ ಏನಾಗುತ್ತದೆ ನೋಡು. "ಪ್ರತಿ ಸಂಖ್ಯೆಯೂ ತನ್ನ ಮುಂದಿನ ಸಂಖ್ಯೆಗೆ ಸಮ" ಎಂಬ ಸುಳ್ಳನ್ನು ತೊಗೊ. ಕೆ = ಕೆ+1 ಎಂದುಕೊ. ಎರಡೂ ಕಡೆ 1 ಕೂಡಿಸು. ಕೆ+1 = ಕೆ+2 ಬಂತು. ಕೊಂಡಿ ಸರಿಯಾಗಿಯೇ ಇದೆ! ಆದರೆ 1 = 2 ಎಂದು ಶುರು ಮಾಡಲು ಆಗುವುದಿಲ್ಲ. ನೀನು ಬೇಸ್ ಕೇಸ್, ಅಂದರೆ ಫಂಕ್ಷನ್ ತನ್ನನ್ನು ಕರೆಯುವುದನ್ನು ಎಲ್ಲಿ ನಿಲ್ಲಿಸಬೇಕು ಎಂಬುದನ್ನು, ಮರೆತಾಗ ಪ್ರೋಗ್ರಾಂ ಕೊನೆಯಿಲ್ಲದೆ ತನ್ನನ್ನೇ ಕರೆದು, ಜಾಗ ಸಾಲದೆ ಸ್ಟ್ಯಾಕ್ ಓವರ್‌ಫ್ಲೋ ಎಂದು ಬೀಳುವುದು ಇದೇ ಕಾರಣಕ್ಕೆ.

ಇನ್ನೊಂದು ವಿಷಯ. ಪ್ರೂಫ್ ಬರೆಯುವಾಗ ಏನನ್ನು ನಂಬಿಕೊಂಡಿದ್ದೀಯ ಎಂದು ಬರೆದಿಡು. ಬೈನರಿ ಸರ್ಚ್ ನಿನಗೆ ಗೊತ್ತು. ನಿಘಂಟಿನಲ್ಲಿ ಪದ ಹುಡುಕುವ ಹಾಗೆ ನಡುವೆ ತೆರೆದು ನೋಡುವುದು. ಜಾವಾ ಲೈಬ್ರರಿಯಲ್ಲಿದ್ದ ಬೈನರಿ ಸರ್ಚ್‌ನಲ್ಲೇ ಸುಮಾರು ಒಂಬತ್ತು ವರ್ಷ ಒಂದು ತಪ್ಪು ಕೂತಿತ್ತು. ಅದನ್ನು ಬರೆದಿದ್ದ ಜೋಶುವಾ ಬ್ಲಾಕ್ 2006ರಲ್ಲಿ ತಾವೇ ಅದನ್ನು ಎಲ್ಲರ ಮುಂದೆ ಇಟ್ಟರು. ನಡುವಿನ ಜಾಗ ಕಂಡುಹಿಡಿಯಲು ಎರಡು ತುದಿಗಳನ್ನು ಕೂಡಿಸಿ ಎರಡರಿಂದ ಭಾಗಿಸುತ್ತಿದ್ದರು. ಗಣಿತದಲ್ಲಿ ಅದು ಸರಿ. ಆದರೆ 32 ಬಿಟ್‌ನ (0 ಅಥವಾ 1 ಬರೆಯುವ 32 ಮನೆಗಳ) ಪೂರ್ಣಾಂಕ 214 ಕೋಟಿ ಚಿಲ್ಲರೆ ದಾಟಿದರೆ ಋಣ ಸಂಖ್ಯೆಗೆ ಮಗುಚಿಕೊಳ್ಳುತ್ತದೆ. ಪಟ್ಟಿಯಲ್ಲಿ 107 ಕೋಟಿಗಿಂತ ಹೆಚ್ಚು ಅಂಶಗಳಿದ್ದಾಗ ಕೂಡಿಕೆ ಆ ಗಡಿ ದಾಟಬಹುದು. ಪ್ರೂಫ್ ನಂಬಿದ್ದ ಸಂಖ್ಯೆಗಳೇ ಬೇರೆ, ಯಂತ್ರದಲ್ಲಿದ್ದ ಸಂಖ್ಯೆಗಳೇ ಬೇರೆ. ನಿನ್ನ ಮುಂದಿನ ಯೂನಿಟ್‌ನಲ್ಲಿ ಬರುವ ಮಾಡ್ಯುಲಾರ್ ಅರಿತ್ಮೆಟಿಕ್ (ಗಡಿಯಾರದ ಹಾಗೆ ಒಂದು ಗಡಿ ದಾಟಿದರೆ ಸುತ್ತಿ ಬರುವ ಲೆಕ್ಕ) ಯಂತ್ರದೊಳಗಿನ ಆ ಸಂಖ್ಯೆಗಳ ಗಣಿತವೇ.

ಈಗ ಭಾಷೆಯ ಮಾತು. ನೀನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಇಂಗ್ಲಿಷ್ ಪಠ್ಯದಲ್ಲಿ "ಫಾರ್ ಆಲ್", "ದೇರ್ ಎಕ್ಸಿಸ್ಟ್ಸ್", "ಇಫ್ ಅಂಡ್ ಓನ್ಲಿ ಇಫ್" ಬಂದಾಗ ಕಣ್ಣು ಜಾರುತ್ತದೆ ಎಂದೆ. ಅವುಗಳನ್ನು ಕನ್ನಡದಲ್ಲೇ ಯೋಚಿಸು. "ಹಾಸ್ಟೆಲ್‌ನ ಪ್ರತಿ ಕೋಣೆಗೂ ಆಗುವ ಒಂದು ಬೀಗದ ಕೈ ಇದೆ." ಈ ವಾಕ್ಯಕ್ಕೆ ಎರಡು ಅರ್ಥ. ಒಂದೊಂದು ಕೋಣೆಗೂ ಅದರದೇ ಕೀಲಿ ಇದೆ ಎನ್ನುವುದು ಒಂದು. ಒಂದೇ ಕೀಲಿ ಎಲ್ಲ ಕೋಣೆಯನ್ನೂ ತೆರೆಯುತ್ತದೆ ಎನ್ನುವುದು ಇನ್ನೊಂದು. ಎರಡನೆಯದು ನಿಜವಾದರೆ ನೀನು ರಾತ್ರಿ ನೆಮ್ಮದಿಯಾಗಿ ಮಲಗುವುದಿಲ್ಲ! "ಫಾರ್ ಆಲ್" ಮೊದಲೋ "ದೇರ್ ಎಕ್ಸಿಸ್ಟ್ಸ್" ಮೊದಲೋ ಎಂಬುದರ ಮೇಲೆ ಇಷ್ಟು ವ್ಯತ್ಯಾಸ ಆಗುತ್ತದೆ.

ಹಾಗೇ "ನಮ್ಮ ಕೊಟ್ಟಿಗೆಯಲ್ಲಿರುವ ಆನೆಗಳೆಲ್ಲ ಬಿಳಿ" ಎಂದರೆ ತರ್ಕದಲ್ಲಿ ಅದು ನಿಜ. ಕೊಟ್ಟಿಗೆಯಲ್ಲಿ ಆನೆಯೇ ಇಲ್ಲ, ಹಾಗಾಗಿ ಸುಳ್ಳು ಮಾಡುವ ಒಂದು ಆನೆಯನ್ನೂ ಯಾರೂ ತೋರಿಸಲಾರರು. ಪೈಥಾನ್‌ನಲ್ಲಿ ಖಾಲಿ ಪಟ್ಟಿಗೆ "ಆಲ್" ಎಂಬ ಫಂಕ್ಷನ್ ಹಾಕಿ ನೋಡು. ಟ್ರೂ ಎಂದೇ ಬರುತ್ತದೆ. ಕನ್ನಡದಲ್ಲಿ ಅರ್ಥ ಮಾಡಿಕೊ, ಆಮೇಲೆ ಪರೀಕ್ಷೆಗೆ ಇಂಗ್ಲಿಷ್‌ನಲ್ಲಿ ಬರಿ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಕನ್ನಡದ ಮಾತು ಬಂತಲ್ಲ, ನಿನಗೊಂದು ಖುಷಿಯ ವಿಷಯ ಹೇಳುತ್ತೇನೆ. ಹೈಸ್ಕೂಲಿನಲ್ಲಿ ಛಂದಸ್ಸು ಕಲಿಯುವಾಗ "ಯಮಾತಾರಾಜಭಾನಸಲಗಂ" ಬಾಯಿಪಾಠ ಮಾಡಿದ್ದೆಯಲ್ಲ? ಅದಕ್ಕೆ ಪ್ರಸ್ತಾರ ಹಾಕು. ಲಘುವಿಗೆ 0, ಗುರುವಿಗೆ 1 ಬರಿ. 0111010001 ಬರುತ್ತದೆ. ಎಡದಿಂದ ಮೂರು ಮೂರು ಅಂಕಿ ನೋಡುತ್ತಾ, ಒಂದೊಂದೇ ಮನೆ ಬಲಕ್ಕೆ ಸರಿ. 011, 111, 110, 101, 010, 100, 000, 001. ಮೂರು ಬಿಟ್‌ನ ಎಂಟು ಮಾದರಿಗಳೂ ಬಂದವು. ಒಂದೂ ಎರಡು ಸಲ ಬರಲಿಲ್ಲ. ಕೊನೆಯ "ಲಗಂ" ಮೊದಲಿನ "ಯಮಾ" ಹಾಗೇ ಲಘು-ಗುರು. ಅದನ್ನು ಬಿಟ್ಟು ತುದಿಗಳನ್ನು ಸೇರಿಸಿದರೆ ಎಂಟು ಮಣಿಯ ಸರ ಆಗುತ್ತದೆ.

ಇದಕ್ಕೆ ನಿನ್ನ ವಿಷಯದಲ್ಲಿ ಡಿ ಬ್ರೌನ್ ಸೀಕ್ವೆನ್ಸ್ ಎನ್ನುತ್ತಾರೆ. ಡಚ್ ಗಣಿತಜ್ಞ ಡಿ ಬ್ರೌನ್ 1946ರಲ್ಲಿ ಇದರ ಬಗ್ಗೆ ಬರೆದರು. ನಾಲ್ಕು ಬಿಟ್‌ಗೆ ಹದಿನಾರು ಮಣಿಯ ಸರ ಸಿಗುತ್ತದೆಯೇ? ಹುಡುಕುತ್ತಾ ಕೂರಬೇಡ. ಎಂಟು ಗಣಗಳನ್ನು, ಅಂದರೆ ಮೂರು ಬಿಟ್‌ನ ಆ ಎಂಟು ಮಾದರಿಗಳನ್ನು, ಎಂಟು ಚುಕ್ಕೆ ಮಾಡು. ಒಂದು ಗಣದ ಮೊದಲ ಅಂಕಿ ಬಿಟ್ಟು ಕೊನೆಗೆ 0 ಅಥವಾ 1 ಸೇರಿಸಿದರೆ ಮುಂದಿನ ಗಣ. ಅಲ್ಲಿಗೆ ಬಾಣ ಎಳೆ. ಪ್ರತಿ ಚುಕ್ಕೆಗೂ ಎರಡು ಬಾಣ ಒಳಗೆ, ಎರಡು ಹೊರಗೆ. ಒಂದೊಂದು ಬಾಣವೂ ನಾಲ್ಕು ಬಿಟ್‌ನ ಒಂದು ಮಾದರಿ. ಪ್ರತಿ ಬಾಣದ ಮೇಲೂ ಒಂದೇ ಸಲ ನಡೆದು ಹೊರಟ ಜಾಗಕ್ಕೆ ವಾಪಸ್ ಬರಬೇಕು. ಆಯ್ಲರ್ 1736ರಲ್ಲಿ ಕೋನಿಗ್ಸ್‌ಬರ್ಗ್ ಊರಿನ ಏಳು ಸೇತುವೆಗಳ ಬಗ್ಗೆ ಮಾಡಿದ ತರ್ಕವೇ ಇಲ್ಲೂ ನಡೆಯುತ್ತದೆ. ಎಲ್ಲ ಕಡೆ ಒಳಗೆ ಬರುವ ಬಾಣಗಳಷ್ಟೇ ಹೊರಗೆ ಹೋಗುವ ಬಾಣಗಳೂ ಇದ್ದು, ಎಲ್ಲಿಂದ ಎಲ್ಲಿಗಾದರೂ ಹೋಗಲು ದಾರಿ ಇದ್ದರೆ ಅಂಥ ಸುತ್ತು ಇದ್ದೇ ಇರುತ್ತದೆ. ಇವತ್ತು ಡಿಎನ್‌ಎ ತುಣುಕುಗಳನ್ನು ಓದಿ ಇಡೀ ಜೀನೋಮ್ ಜೋಡಿಸುವ ಪ್ರೋಗ್ರಾಂಗಳಲ್ಲಿ ಇದೇ ಬಗೆಯ ಗ್ರಾಫ್ ಬಳಸುತ್ತಾರೆ.

ಮಾತ್ರೆಯನ್ನೂ ನೋಡು. ಐದು ಮಾತ್ರೆಯ ಗಣ ಎಷ್ಟು ಬಗೆ? ಕೊನೆಯ ಅಕ್ಷರ ಲಘುವಾದರೆ ಉಳಿದದ್ದು ನಾಲ್ಕು ಮಾತ್ರೆ, ಅದು 5 ಬಗೆ. ಗುರುವಾದರೆ ಉಳಿದದ್ದು ಮೂರು ಮಾತ್ರೆ, ಅದು 3 ಬಗೆ. ಒಟ್ಟು 8. ಫಿಬೊನಾಚಿ ಸಂಖ್ಯೆಗಳು! ಫಿಬೊನಾಚಿ 1202ರಲ್ಲಿ ಬರೆಯುವ ಮೊದಲೇ, 12ನೇ ಶತಮಾನದ ಗುಜರಾತಿನ ಜೈನ ವಿದ್ವಾಂಸ ಹೇಮಚಂದ್ರ ಛಂದಸ್ಸಿನಲ್ಲಿ ಇದನ್ನು ಹೇಳಿದ್ದ. ಇದನ್ನೇ ರಿಕರ್ಷನ್‌ನಲ್ಲಿ ಸುಮ್ನೆ ಬರೆದು 40ನೆಯ ಸಂಖ್ಯೆ ಕೇಳಿದರೆ ಫಂಕ್ಷನ್ 33 ಕೋಟಿಗೂ ಜಾಸ್ತಿ ಸಲ ತನ್ನನ್ನು ಕರೆದುಕೊಳ್ಳುತ್ತದೆ. ಬಂದ ಉತ್ತರಗಳನ್ನು ನೆನಪಿಟ್ಟುಕೊಂಡರೆ 40 ಕೂಡಿಕೆಯೊಳಗೆ ಮುಗಿಯುತ್ತದೆ. ಡೈನಾಮಿಕ್ ಪ್ರೋಗ್ರಾಮಿಂಗ್ ಎಂದು ಹೆದರಿಸುತ್ತಾರಲ್ಲ, ಅದರ ಬೇರು ಇಷ್ಟೇ.

ಮಿಕ್ಕ ವಿಷಯಗಳಿಗೆ ಬೇಗ ಬರುತ್ತೇನೆ. ಕ್ಯಾಲ್ಕುಲಸ್ ಬಗ್ಗೆ ಈಗ ಚಿಂತೆ ಬೇಡ, ಪಿಯುಸಿಯಲ್ಲಿ ಓದಿದ್ದು ಸದ್ಯಕ್ಕೆ ಸಾಕು. ಲೀನಿಯರ್ ಆಲ್ಜೀಬ್ರಾ ಮಾತ್ರ ಬಿಡಬೇಡ. ಗ್ರಾಫ್ ಶೀಟ್ ಮೇಲೆ ಒಂದು ಚೌಕ ಬರೆದು, 2×2 ಮ್ಯಾಟ್ರಿಕ್ಸ್ ಅದನ್ನು ಹೇಗೆ ತಿರುಗಿಸುತ್ತದೆ, ಹಿಗ್ಗಿಸುತ್ತದೆ ಎಂದು ಕೈಯಾರೆ ನೋಡು. ಡಿಟರ್ಮಿನೆಂಟ್ ಎಂದರೆ ವಿಸ್ತೀರ್ಣ ಎಷ್ಟು ಪಟ್ಟು ಆಯಿತು ಎಂಬ ಲೆಕ್ಕ ಎಂದು ಆಗ ಕಾಣುತ್ತದೆ. ಮಷಿನ್ ಲರ್ನಿಂಗ್ ಕಲಿಯಬೇಕು ಎನ್ನುತ್ತೀಯಲ್ಲ, ಅಲ್ಲಿ ಇದೇ ಅನ್ನ.

ಸಂಭವನೀಯತೆಯಲ್ಲಿ ನಮ್ಮ ಅಂದಾಜು ಬಹಳ ತಪ್ಪುತ್ತದೆ. 23 ಜನ ಇದ್ದರೆ ಸಾಕು, ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. 23 ಜನರಲ್ಲಿ ಜೋಡಿಗಳು 253 ಇವೆಯಲ್ಲ, ಅದಕ್ಕೆ. 60 ಜನರ ನಿನ್ನ ಕ್ಲಾಸಿನಲ್ಲಿ ಅದು ಶೇ. 99 ದಾಟುತ್ತದೆ. ವಿಚಾರಿಸಿ ನೋಡು. ಹ್ಯಾಶ್ ಟೇಬಲ್‌ನಲ್ಲಿ (ಪ್ರತಿ ಕೀಗೂ ಒಂದು ಲೆಕ್ಕ ಹಾಕಿ ಮನೆ ಗೊತ್ತು ಮಾಡುವ ಪಟ್ಟಿಯಲ್ಲಿ) ಇನ್ನೂ ಬೇಕಾದಷ್ಟು ಜಾಗ ಖಾಲಿ ಇರುವಾಗಲೇ ಎರಡು ಕೀಗಳು ಒಂದೇ ಕಡೆ ಬಂದು ಬೀಳುವುದೂ ಇದೇ ಲೆಕ್ಕಕ್ಕೆ.

ಹೇಗೆ ಓದಬೇಕು ಎಂದು ಕೇಳಿದೆ. ಜೆರಾಕ್ಸ್ ಅಂಗಡಿಯಲ್ಲಿ ಸಿಗುವ "ಇಂಪಾರ್ಟೆಂಟ್ ಪ್ರಶ್ನೆ"ಗಳ ಕಟ್ಟು ಪರೀಕ್ಷೆಯ ಹಿಂದಿನ ದಿನಕ್ಕೆ ಇರಲಿ. ದಿನಕ್ಕೆ ಒಂದೇ ಲೆಕ್ಕ ಸಾಕು. ಅರ್ಧ ಗಂಟೆ ಅದರ ಜೊತೆ ಕೂತುಕೊ. ಚಿಕ್ಕ ಸಂಖ್ಯೆ ಹಾಕಿ ನೋಡು, ಚಿತ್ರ ಬರಿ. ಆ ಅರ್ಧ ಗಂಟೆ ಫೋನ್ ದೂರ ಇಡು. ಚಾಟ್‌ಬಾಟ್ ಕೇಳಿದರೆ ಕ್ಷಣದಲ್ಲಿ ಪ್ರೂಫ್ ಬರೆದುಕೊಡುತ್ತದೆ, ಗೊತ್ತು. ಅದು ಸರಿ ಇದೆಯೋ ಇಲ್ಲವೋ ಎಂದು ಹೇಳಬಲ್ಲ ಕಣ್ಣು ನಿನಗೆ ಬರಬೇಕು. ಆ ಕಣ್ಣು ಒದ್ದಾಡಿದ ಅರ್ಧ ಗಂಟೆಗಳಿಂದಲೇ ಬರುವುದು. ನೀನೇ ಬರೆದ ಪ್ರೂಫನ್ನು ರೂಮ್‌ಮೇಟ್‌ಗೆ ಓದಿ ಹೇಳು. ಅವಳು "ಯಾಕೆ?" ಎಂದ ಕಡೆ ನಿನಗೆ ಮಾತು ತಡೆದರೆ, ಆ ಸಾಲನ್ನು ಮತ್ತೆ ಬರಿ. ಮೇಷ್ಟ್ರ ಹತ್ತಿರ ಹೋಗಿ ಕೇಳಲು ಸಂಕೋಚ ಬೇಡ. ಆ ಹುಡುಗ ಕೇಳಿದ ಒಂದು ಪ್ರಶ್ನೆ ನನಗೆ ಎಷ್ಟು ಕಲಿಸಿತು ಎಂದು ಮೇಲೆ ಬರೆದಿದ್ದೇನೆ.

ಒಂಬತ್ತು ಅಂಕದ ಬಗ್ಗೆ ನಿನ್ನ ಅಪ್ಪನ ಹತ್ತಿರ ನಾನು ಮಾತಾಡಿದ್ದೇನೆ. ಅವನು ಬೈಯುವುದಿಲ್ಲ. ಇನ್ನೂ ಎರಡು ಇಂಟರ್ನಲ್ಸ್ ಇವೆ. ಊಟ ಬಿಡಬೇಡ.

ದಸರಾ ರಜೆಗೆ ಬರುವಾಗ ಆರು ಚುಕ್ಕೆಯ ವೃತ್ತದ ಹಾಳೆ ತೊಗೊಂಡು ಬಾ. ಏಳು ಚುಕ್ಕೆಗೆ ಎಷ್ಟು ತುಂಡು ಎಂದು ಎಣಿಸದೆ ಹೇಳಬೇಕು. ಹದಿನಾರು ಮಣಿಯ ಸರವನ್ನೂ ಪೋಣಿಸಿ ತಾ. ಇಲ್ಲಿ ಜಗುಲಿಯಲ್ಲಿ ಕೂತು ಇಬ್ಬರೂ ನೋಡೋಣ.

ಇಂತಿ,
ನಿನ್ನ ದೊಡ್ಡಮ್ಮ